ಹೀರಿ ಹೂವು ಹನ್ನೊಂದಕ್ಕೆ ಅರಳುವುದಿಲ್ಲ

ತೋಟಗಾರಿಕೆಯ ಭಾಷಣ ನಮ್ಮ ಕಡೆ ಯಾವಾಗಲೂ ಮುಂಜಾನೆ ಹನ್ನೊಂದಕ್ಕೆ ಇರುತ್ತದೆ. ತಾಲೂಕಿನ ಊರಲ್ಲಿ, ಸಭಾಗೃಹದಲ್ಲಿ, ಮರಾಠಿಯಲ್ಲಿ, ಎಕರೆ ಲೆಕ್ಕದಲ್ಲಿ. ಹಿತ್ತಲದ ಮಟ್ಟಿಗೆ ಈ ನಾಲ್ಕೂ ತಪ್ಪು ಎಂಬುದು ನನ್ನ ವಾದ. ಸಿಟ್ಟು ಬರುವವರಿಗೆ ಬರಲಿ, ಆದರೆ ಪೂರ್ತಿ ಓದಿ ಸಿಟ್ಟಾಗಲಿ.

ದೊಡ್ಡ ಪಟ್ಟಣಗಳ ಉದ್ಯಾನ ಸಂಘಗಳು ಮನೆತೋಟ ಮಾಡುವವರಿಗಾಗಿ ಸಂಜೆ ಉಪನ್ಯಾಸ ಇಡುತ್ತವೆ. ಸಂಜೆ ಯಾಕೆ? ಕಚೇರಿ ಬಿಟ್ಟ ಮೇಲೆ ಬರುವವರಿಗೆ ಅನುಕೂಲ ಆಗಲಿ ಅಂತ. ಅಂದರೆ ಕೇಳುವವರು ಯಾರು, ಅವರ ಕೈ ಯಾವಾಗ ಖಾಲಿ ಇರುತ್ತದೆ ಎಂದು ಅಲ್ಲಿ ಯಾರೋ ವಿಚಾರ ಮಾಡಿದ್ದಾರೆ. ನಮ್ಮಲ್ಲಿ ಹಿತ್ತಲು ಯಾರದು? ಉತಾರೆಯಲ್ಲಿ ಹೆಸರು ಗಂಡಸರದು ಇರಬಹುದು, ಆದರೆ ಬದನಿಗೆ ನೀರು ಹಾಕುವವಳು, ಹೀರಿ ಬಳ್ಳಿಗೆ ಹಂದರ ಕಟ್ಟುವವಳು, ಕರಿಬೇವಿನ ಸುಳಿ ಚಿವುಟುವವಳು ಮನೆಯ ಹೆಣ್ಣುಮಗಳು. ಹನ್ನೊಂದು ಗಂಟೆಗೆ ಆಕೆ ಎಲ್ಲಿರುತ್ತಾಳೆ? ಯಾರದೋ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಾಳೆ. ಸಭಾಗೃಹದ ಕುರ್ಚಿಯ ಮೇಲೆ ಕೂತಿರುವವರು ನಾವು, ಮಾಸ್ತರರು, ಸೊಸೈಟಿಯ ಮೆಂಬರರು, ದಾಳಿಂಬದ ತೋಟ ಇದ್ದವರು. ಕೇಳಬೇಕಾದವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕೇಳಿಸಿಕೊಂಡು, ಊಟ ಮಾಡಿ ಬರುತ್ತೇವೆ.

ದಾಳಿಂಬದವರಿಗೆ ಭಾಷಣ ಬೇಡ ಅನ್ನುತ್ತಿಲ್ಲ. ಸೋಲಾಪುರದಲ್ಲಿ 2005ರಿಂದ ದಾಳಿಂಬದ ರಾಷ್ಟ್ರೀಯ ಸಂಶೋಧನಾ ಕೇಂದ್ರವೇ ಇದೆ. ಅದಕ್ಕೂ ಬಹಳ ಮೊದಲು, 1933ರಲ್ಲಿ, ಅದೇ ಸೋಲಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಕಡಿಮೆ ಮಳೆಯಲ್ಲಿ, ಎರಿ ಭೂಮಿಯಲ್ಲಿ ಹೇಗೆ ಬೆಳೆಯಬೇಕು ಎಂಬುದರ ತೊಂಬತ್ತು ವರ್ಷದ ತಿಳಿವಳಿಕೆ ನಮ್ಮ ಜಿಲ್ಲೆಯಲ್ಲೇ ಕೂತಿದೆ. ಅದರಲ್ಲಿ ಹೊಲಕ್ಕೆ ಬಂದದ್ದು ಬಹಳ. ಹೊಲ ದಾಟಿ ಹಿತ್ತಲಕ್ಕೆ ಬಂದದ್ದು ಎಷ್ಟು?

ಈಗ ಹೀರಿ ಹೂವಿನ ಮಾತು. ನಾವು ತಿನ್ನುವ ಗೀರುಗೀರಿನ ಹೀರಿಕಾಯಿ ಇದೆಯಲ್ಲ, ಅದರ ಹೂವು ಅರಳುವುದು ಹೊತ್ತು ಇಳಿದ ಮೇಲೆ, ಸಂಜೆ ಐದರಿಂದ ಮುಂದೆ. ಹಾಲಗುಂಬಳದ ಬಿಳಿ ಹೂವೂ ಸಂಜೆಯದೇ. ರಾತ್ರಿ ಹಾರುವ ಪತಂಗಗಳು ಬಂದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸುತ್ತವೆ. ಬಳ್ಳಿಯಲ್ಲಿ ಮೊದಲು ಬರುವುದು ಗೊಂಚಲು ಗೊಂಚಲಾಗಿ ಗಂಡು ಹೂವು. ಅವು ಅರಳಿ ಉದುರಿ ಹೋಗುವವೇ, ಕಾಯಿ ಆಗುವವಲ್ಲ. ಆಮೇಲೆ ಒಂಟಿಯಾಗಿ ಬರುವ ಹೆಣ್ಣು ಹೂವಿನ ಬುಡದಲ್ಲಿ ಬೆರಳಿನಷ್ಟು ಎಳೆ ಕಾಯಿ ಮೊದಲೇ ಇರುತ್ತದೆ. ಇಷ್ಟು ಗೊತ್ತಿಲ್ಲದ್ದಕ್ಕೆ ಏನಾಗುತ್ತದೆ? “ಹೂ ಭಾಳ ಬಿಡತಾವ್ರೀ, ಎಲ್ಲಾ ಉದುರತಾವ, ಯಾರದೋ ಕಣ್ಣು ಬಿದ್ದಾವ” ಅಂತ ಬಳ್ಳಿಗೆ ಹರಕ ಚಪ್ಪಲಿ ಕಟ್ಟುತ್ತಾರೆ. ಎದುರು ಮನೆಯವಳ ಜೊತೆ ಮಾತು ಬಿಡುತ್ತಾರೆ. ಮಾತು ಬಿಟ್ಟ ಎರಡು ಮನೆ ನನಗೇ ಗೊತ್ತು. ಸಂಜೆ ಒಂದು ಗಂಡು ಹೂವು ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಮುಟ್ಟಿಸಿದರೆ ಕಾಯಿ ನಿಲ್ಲುತ್ತದೆ. ತೋರಿಸಲು ಎರಡು ನಿಮಿಷ ಸಾಕು. ಆದರೆ ಹನ್ನೊಂದು ಗಂಟೆಯ ಸಾಹೇಬರು ಇದನ್ನು ಹೇಗೆ ತೋರಿಸುತ್ತಾರೆ? ಅವರ ಹೊತ್ತಿಗೆ ಹೂವು ಬಾಡಿರುತ್ತದೆ. ಪರದೆಯ ಮೇಲೆ ಫೋಟೋ ತೋರಿಸಬೇಕು, ಅಷ್ಟೇ.

ಹಿರಿಯರೊಬ್ಬರು ಕೇಳಿದರು, “ದೀಪ ಹಚ್ಚಿದ ಮ್ಯಾಲೆ ಗಿಡ ಮುಟ್ಟಬಾರದು, ಮಲಗಿರತಾವ, ನಿನಗ ಗೊತ್ತಿಲ್ಲೇನು?” ಗೊತ್ತಿದೆ. ಕತ್ತಲಲ್ಲಿ ಎಲೆ ಕೀಳಬಾರದು ಎಂಬ ಮಾತಿನ ಹಿಂದೆ ಹುಳ ಹುಪ್ಪಡಿಯ ಹೆದರಿಕೆಯೂ ಇದೆ, ಗಿಡದ ಮೇಲಿನ ಕನಿಕರವೂ ಇದೆ, ಎರಡೂ ಒಳ್ಳೆಯವೇ. ಆದರೆ ಹೀರಿ ಆಗಲೇ ಎದ್ದಿರುತ್ತದಲ್ಲ, ಅಜ್ಜಾ. ಎದ್ದವರ ಮನೆಗೆ ಹೋದರೆ ದೋಷವಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪಣೆ: “ಏನ್ರೀ ಮಾಸ್ತರ, ಹಿತ್ತಲದಾಗ ನಾಕ ಬದನಿ ಹಚ್ಚಾಕ ಭಾಷಣ ಬೇಕೇನು? ನಮ್ಮವ್ವ ಯಾವ ಭಾಷಣ ಕೇಳಿದ್ದಳು?” ಕೇಳಲಿಕ್ಕೆ ಚಂದ ಇದೆ. ಆದರೆ ನಿಮ್ಮವ್ವನ ಬಚ್ಚಲ ನೀರಿನಲ್ಲಿ ಏನಿತ್ತು? ಸೀಗೆಕಾಯಿ, ಕಡಲೆ ಹಿಟ್ಟು. ಇವತ್ತು ಆ ಮೋರಿಯಲ್ಲಿ ಹರಿಯುವುದು ಬಟ್ಟೆ ಒಗೆಯುವ ಪುಡಿಯ ನೊರೆ. ಅದರಲ್ಲಿರುವ ಸೋಡಾ ಎರಿ ಮಣ್ಣಿಗೆ ಸೇರಿದರೆ ಮಣ್ಣು ಕಲ್ಲಾಗುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಮೈ ತೊಳೆದ ನೀರು ಬೇರೆ, ಬಟ್ಟೆ ಒಗೆದ ನೀರು ಬೇರೆ ಹರಿಸಬೇಕು. ಮೊದಲಿನದು ಬಾಳೆಗೆ ನಡೆಯುತ್ತದೆ, ಎರಡನೆಯದು ಬೇಡ. ಅವ್ವನ ಕಾಲಕ್ಕೆ ಈ ಮಾತು ಹೇಳುವ ಪ್ರಸಂಗವೇ ಇರಲಿಲ್ಲ. ಅವ್ವನ ತಿಳಿವಳಿಕೆ ಕಡಿಮೆಯದಲ್ಲ, ಅವ್ವನ ಕಾಲದ ನೀರು ಈಗ ಇಲ್ಲ.

ಲಿಂಬಿ ಗಿಡ ನೋಡಿ. ಮರವಡೆಯಿಂದ ಅಕ್ಕಲಕೋಟದವರೆಗೆ ಹಿತ್ತಲದ ಲಿಂಬಿಗೆ ಒಂದೇ ರೋಗ: ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಮನೆಯವರು ಏನು ಮಾಡುತ್ತಾರೆ? ನೀರು ಕಡಿಮೆ ಆಯಿತು ಅಂತ ಇನ್ನೆರಡು ಕೊಡ ಸುರಿಯುತ್ತಾರೆ, ಒಲೆಯ ಬೂದಿ ತಂದು ಬುಡಕ್ಕೆ ಹಾಕುತ್ತಾರೆ. ನಮ್ಮ ಎರಿ ಮಣ್ಣಿನಲ್ಲಿ ಸುಣ್ಣ ಮೊದಲೇ ಹೆಚ್ಚು. ಆ ಸುಣ್ಣದಿಂದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಬೂದಿ ಹಾಕಿದರೆ ಅದೇ ದೋಷ ಹೆಚ್ಚಾಗುತ್ತದೆ, ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ. ಬೇಕಾದದ್ದು ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ, ಮತ್ತು ಒಂದು ಲೀಟರ್ ನೀರಿಗೆ 5 ಗ್ರಾಂ ಹಿರಾಕಸ ಕರಗಿಸಿ ಎಲೆಗೆ ಸಿಂಪಡಣೆ, ಅದೂ ಬಿಸಿಲು ಇಳಿದ ಮೇಲೆ. (ಫೆರಸ್ ಸಲ್ಫೇಟ್ ಅಂತ ಕೇಳಿದರೂ ಅಂಗಡಿಯವನು ಕೊಡುತ್ತಾನೆ.) ಪ್ರೀತಿಯಿಂದಲೇ ಗಿಡ ಕೊಲ್ಲುತ್ತಿದ್ದೇವೆ, ವರ್ಷಗಟ್ಟಲೆ.

ನುಗ್ಗಿಯದೂ ಹಾಗೇ. ಮೂರು ಫೂಟು ಎತ್ತರ ಆದಾಗ ಸುಳಿ ಚಿವುಟಿದರೆ ಟೊಂಗೆ ಒಡೆದು ಕೈಗೆ ಎಟುಕುವ ಹಾಗೆ ಬೆಳೆಯುತ್ತದೆ. ಬಿಟ್ಟರೆ ಮಾಳಿಗೆ ಮೀರಿ ಹೋಗಿ, ಕಾಯಿ ಹಕ್ಕಿಗೆ, ಎಲೆ ಗಾಳಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಅಂಗಣವಾಡಿಯಲ್ಲಿ ಗುಳಿಗೆ ಕೊಡುತ್ತಾರೆ, ಕೊಡಲಿ. ನುಗ್ಗಿ ಸೊಪ್ಪಿನ ಗಿಡ ಬಾಗಿಲಲ್ಲಿದ್ದೂ ಕೈಗೆ ಎಟುಕದ ಮನೆಗಳ ಲೆಕ್ಕ ಯಾರು ಇಟ್ಟಿದ್ದಾರೆ?

ಆದರೆ ನನಗೆ ನಿದ್ದೆಗೆಡಿಸುವುದು ಲಿಂಬಿಯೂ ಅಲ್ಲ, ನುಗ್ಗಿಯೂ ಅಲ್ಲ. ಹೊಲಕ್ಕೆ ಅಂತ ತಂದ ಔಷಧ ಬಾಟಲಿಯ ತಳದಲ್ಲಿ ಸ್ವಲ್ಪ ಉಳಿಯುತ್ತದೆ. ಚೆಲ್ಲಲು ಮನಸ್ಸಾಗುವುದಿಲ್ಲ, ರೊಕ್ಕ ಕೊಟ್ಟು ತಂದದ್ದು. ತಂದು ಹಿತ್ತಲದ ಬದನಿಗೆ, ಮೆಂತ್ಯಕ್ಕೆ ಹೊಡೆಯುತ್ತಾರೆ. ಮೂರನೇ ದಿನ ಅದೇ ಮೆಂತ್ಯ ಮಕ್ಕಳ ಬುತ್ತಿಯಲ್ಲಿ. ಎಷ್ಟು ದಿನ ಬಿಟ್ಟು ಕೀಳಬೇಕು, ಯಾವ ಬೆಳೆಗೆ ಹೊಡೆಯಬಾರದು ಎಂಬುದು ಬಾಟಲಿಯ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ, ಇರುವೆಯಂಥ ಅಕ್ಷರದಲ್ಲಿ. ಓದಲು ಬಾರದವರಿಗೂ ತಿಳಿಯಲಿ ಅಂತ ಬಾಟಲಿಯ ಮೇಲೆ ಬಣ್ಣದ ಗುರುತು ಹಾಕಿರುತ್ತಾರೆ: ಕೆಂಪು ಇದ್ದರೆ ಎಲ್ಲಕ್ಕಿಂತ ಕಡು ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೂ ಔಷಧವೇ, ಸಕ್ಕರೆ ನೀರಲ್ಲ. ನಮ್ಮ ಕೇರಿಯಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳನ್ನು ಕೇಳಿದೆ, ಆ ಬಣ್ಣದ ಅರ್ಥ ಒಬ್ಬರಿಗೂ ಗೊತ್ತಿರಲಿಲ್ಲ. ಅವರ ಗಂಡಂದಿರನ್ನೂ ಕೇಳಿದೆ. ಇಬ್ಬರು “ಕಂಪನಿ ಗುರ್ತ ಇರಬೇಕು” ಅಂದರು. ಈ ಒಂದು ವಿಷಯಕ್ಕಾಗಿಯೇ ಒಂದು ಸಂಜೆ ಊರೆಲ್ಲ ಕೂಡಬೇಕು. ಹೀರಿ ಬಳ್ಳಿಗೆ ಸಂಜೆ ವಿಷ ಹೊಡೆದರೆ ಪತಂಗವೂ ಸತ್ತು ಕಾಯಿಯೂ ನಿಲ್ಲುವುದಿಲ್ಲ ಎಂಬುದನ್ನು ಆವತ್ತೇ ಸೇರಿಸಿ ಹೇಳಬಹುದು.

ಸಂಘದ ಇತಿಹಾಸ ಸ್ವಲ್ಪ ಹೇಳಬೇಕು, ಯಾಕೆಂದರೆ “ಇದೆಲ್ಲ ಇಂಗ್ಲಿಷರ ಶೋಕಿ” ಅನ್ನುವವರಿದ್ದಾರೆ. ಅವರ ಮಾತು ಅರ್ಧ ಖರೆ. ಲಂಡನ್ನಿನ ಉದ್ಯಾನ ಸಂಘ ಹುಟ್ಟಿದ್ದು 1804ರಲ್ಲಿ. ಕಲಕತ್ತೆಯಲ್ಲಿ 1820ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘ ಕಟ್ಟಿದವನು ವಿಲಿಯಂ ಕೇರಿ ಎಂಬ ಪಾದ್ರಿ. ಈತನೇ 1817ರಲ್ಲಿ ಕನ್ನಡದ ವ್ಯಾಕರಣವನ್ನೂ ಅಚ್ಚು ಹಾಕಿಸಿದವನು. ತೋಟದ ತಿಳಿವಳಿಕೆ ಹಂಚಲು ಹೊರಟ ಮನುಷ್ಯನಿಗೆ ಜನರ ಭಾಷೆ ಕಲಿಯುವುದು ಭಾರ ಅನಿಸಿರಲಿಲ್ಲ, ಇದನ್ನು ನಮ್ಮ ಕಚೇರಿಯವರು ಒಮ್ಮೆ ನೆನಸಲಿ. ಬೆಂಗಳೂರಿನ ಲಾಲಬಾಗದಲ್ಲಿ ಮೈಸೂರು ಉದ್ಯಾನ ಸಂಘ 1912ರಲ್ಲಿ ಕ್ರುಂಬಿಗಲ್ ಸಾಹೇಬರ ಕಾಲಕ್ಕೆ ಶುರುವಾಯಿತು. ಮುಂದೆ 1963ರಲ್ಲಿ ತೋಟಗಾರಿಕೆ ನಿರ್ದೇಶಕರಾದ ಡಾ. ಎಂ. ಎಚ್. ಮರಿಗೌಡರು ಸರಕಾರದ ಇಲಾಖೆ, ನರ್ಸರಿ, ಮಾರಾಟದ ಸೊಸೈಟಿ ಇವುಗಳ ಜೊತೆಗೆ ಬೆಳೆಯುವವರ ಸಂಘವನ್ನೂ ತೋಟಗಾರಿಕೆಯ ಒಂದು ಅಂಗವಾಗಿ ಎಣಿಸಿದರು. ಸಾಹೇಬರ ಬಂಗಲೆಯ ಗುಲಾಬಿಗಾಗಿ ಹುಟ್ಟಿದ ಸಂಘವನ್ನು ರೈತನ ಮಗನೊಬ್ಬ ರೈತರ ಕಡೆ ತಿರುಗಿಸಿದ. ಶೋಕಿ ಅಂತ ಮೂಗು ಮುರಿಯುವವರು ಆ ತಿರುವನ್ನು ನೋಡಲಿಲ್ಲ. ಪಟ್ಟಣದವರೂ ಮರೆತಂತಿದೆ: ಪುಷ್ಪ ಪ್ರದರ್ಶನ ಅಂದರೆ ಫೋಟೋ ತೆಗೆಸಿಕೊಳ್ಳುವ ಜಾತ್ರೆ ಎಂದಾಗಿದೆ.

ಸಂಜೆ ಕೂತು ಕೇಳುವುದನ್ನು ನಮಗೆ ಯಾರೂ ಹೊರಗಿನವರು ಕಲಿಸಬೇಕಾಗಿಲ್ಲ. ಶ್ರಾವಣ ಬಂದರೆ ಮಠದಲ್ಲಿ, ಗುಡಿಯಲ್ಲಿ ತಿಂಗಳುಗಟ್ಟಲೆ ಪುರಾಣ. ಅಡಿಗೆ ಮುಗಿಸಿ, ಮಕ್ಕಳಿಗೆ ಉಣಿಸಿ, ಹೆಣ್ಣುಮಕ್ಕಳು ಚಾಪೆ ಹಿಡಿದು ಬರುತ್ತಾರೆ. ಸೊನ್ನಲಿಗೆಯ ಸಿದ್ಧರಾಮನ ಕಥೆ ಕೇಳುವಾಗ ಆತ ಕೆರೆ ತೋಡಿಸಿದ ಪ್ರಸಂಗ ಬಂದರೆ ಕೈಮುಗಿಯುತ್ತೇವೆ. ಕೆರೆ ತೋಡುವುದು ಕಾಯಕವಾದರೆ ಕೆರೆಯ ನೀರು ಬದನಿಗೆ ಎಷ್ಟು ಹಾಕಬೇಕು ಎಂದು ತಿಳಿಯುವುದು ಯಾಕೆ ಕಾಯಕ ಅಲ್ಲ? ಪುರಾಣ ಹೇಳುವ ಶಾಸ್ತ್ರಿಗಳು ಕನ್ನಡದಲ್ಲಿ ಹೇಳುತ್ತಾರೆ, ಅದಕ್ಕೇ ಮುದುಕಿಯರೂ ಎದ್ದು ಹೋಗುವುದಿಲ್ಲ.

ಭಾಷೆಯ ಮಾತು ಬಂತು. ನಾನು ಮರಾಠಿಯ ವಿರೋಧಿ ಅಲ್ಲ, ಸಂತೆಯಲ್ಲಿ, ಬಸ್ಸಿನಲ್ಲಿ ನಾವೆಲ್ಲ ಎರಡೂ ಆಡುತ್ತೇವೆ. ಆದರೆ ಹಿತ್ತಲದ ಭಾಷೆ ಕನ್ನಡ. ‘ಪಾನಗಳ’, ‘ಫಳಧಾರಣಾ’ ಅಂದಾಗ ಮಾಸ್ತರರಿಗೆ ತಿಳಿಯುತ್ತದೆ, ಗೌರವ್ವನಂಥವಳಿಗೆ ‘ಎಲಿ ಉದುರೂದು’, ‘ಕಾಯಿ ಕಚ್ಚೂದು’ ಅನ್ನಬೇಕು. ಹೇಳುವವರು ಎಲ್ಲಿ ಸಿಗುತ್ತಾರೆ ಅನ್ನಬೇಡಿ. ಭೀಮಾ ದಾಟಿದರೆ ಇಂಡಿ, ಅಲ್ಲಿ ಲಿಂಬಿಯಲ್ಲೇ ಬದುಕು ಕಟ್ಟಿಕೊಂಡ ಮನೆತನಗಳಿವೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆಯದೇ ವಿಶ್ವವಿದ್ಯಾಲಯ ಇದೆ, ಅದರ ಅರಭಾವಿ ಕಾಲೇಜಿನಲ್ಲೇ ‘ಭಾಗ್ಯ’ ಎಂಬ ನುಗ್ಗಿಯ ತಳಿ ಆಯ್ದು ತೆಗೆದಿದ್ದಾರೆ. ಹೊಲದ ಗಡಿ ಕಲ್ಲು ನಮ್ಮನ್ನು ತಡೆಯಬಹುದು, ನುಗ್ಗಿ ಬೀಜವನ್ನು ತಡೆಯುವುದಿಲ್ಲ. ಸೋಲಾಪುರದ ಕೇಂದ್ರಗಳಲ್ಲೂ ಕನ್ನಡ ಬಲ್ಲ ನೌಕರರು ಇರದೆ ಹೋಗಲಾರರು, ಕೇಳಿದರೆ ತಾನೆ ಬರುವುದು.

ಆದರೆ ಕರೆದವರಿಗೆ ಶಾಲು ಹೊದಿಸುವುದನ್ನು ಮೊದಲು ನಿಲ್ಲಿಸಬೇಕು. ಹಿಂದೊಮ್ಮೆ ಒಂದು ಕಡೆ ಎರಡು ತಾಸಿನ ‘ಪರಸಬಾಗ ಮಾರ್ಗದರ್ಶನ’ಕ್ಕೆ ಹೋಗಿದ್ದೆ. ಸ್ವಾಗತ, ಪ್ರಾಸ್ತಾವಿಕ, ಹನ್ನೊಂದು ಮಂದಿಗೆ ಶಾಲು, ನಾರಳ, ಹಾರ. ಬದನಿಯ ಪಾಲಿಗೆ ಉಳಿದದ್ದು ಹದಿನೈದು ನಿಮಿಷ. ವಂದನಾರ್ಪಣೆ ಮಾತ್ರ ಪೂರ್ತಿ ಆಯಿತು. ಹಾರದ ಚೆಂಡುಹೂವಿನಲ್ಲಿ ಬೀಜ ಇದ್ದವು, ಅವನ್ನಾದರೂ ಹಂಚಿದ್ದರೆ ಆಗುತ್ತಿತ್ತು.

ಹಾಗಾದರೆ ಹೇಗಿರಬೇಕು? ಸೋಮವಾರ ನಾವು ಎತ್ತಿಗೆ ನೊಗ ಇಡುವುದಿಲ್ಲ, ಆವತ್ತೇ ಇರಲಿ. ಊಟದ ನಂತರ ಎಂಟೂವರೆಗೆ. ಧಾರಾವಾಹಿ ನೋಡುವವರು ಒಂದು ದಿನ ಬಿಡಲಿ, ಮರುದಿನ ಅತ್ತೆ ಸೊಸೆ ಅಲ್ಲೇ ಜಗಳಾಡುತ್ತಿರುತ್ತಾರೆ. ಮೊದಲ ಅರ್ಧ ತಾಸು ಒಬ್ಬರ ಹಿತ್ತಲದಲ್ಲಿ, ಬ್ಯಾಟರಿ ಹಿಡಿದು. ಆಗಲೂ ಹೀರಿ ಹೂವು ಅರಳಿಯೇ ಇರುತ್ತದೆ. ಆಮೇಲೆ ವಾಚನಾಲಯದಲ್ಲಿ ಪ್ರಶ್ನೆ. ವೇದಿಕೆ ಬೇಡ, ಮೈಕು ಬೇಡ. ಹೇಳುವವರು ಪಂಡಿತರೇ ಆಗಬೇಕಿಲ್ಲ, ಯಾರ ಕರಿಬೇವು ಚಿಗುರಿದೆಯೋ ಅವರು ಹೇಳಲಿ, ತಪ್ಪು ಹೇಳಿದರೆ ತಿದ್ದಲು ತಿಂಗಳಿಗೊಮ್ಮೆ ಕಲಿತವರೊಬ್ಬರು ಬರಲಿ. ಶಾಲೆಯ ಪರಸಬಾಗ ನೋಡಿಕೊಳ್ಳುವ ಗುರುಗಳು ಮಕ್ಕಳ ಕೈಯಲ್ಲಿ ವಹಿ ಕೊಟ್ಟು ಬರೆಸಿದರೆ ವರ್ಷದ ಕೊನೆಗೆ ನಮ್ಮದೇ ಮಣ್ಣಿನ ಪುಸ್ತಕ ಆಗುತ್ತದೆ. ಬಚತ ಗಟದವರು ಬೀಜದ ಡಬ್ಬಿ ಇಟ್ಟುಕೊಳ್ಳಲಿ.

ಇದಕ್ಕೆ ಖರ್ಚಿಲ್ಲ. ಒಂದೇ ಅಡಚಣೆ, ನಮ್ಮ ಕಡೆಯ ಎಷ್ಟೋ ವಾಚನಾಲಯಗಳು ಸಂಜೆ ಆರಕ್ಕೆ ಬಾಗಿಲು ಹಾಕುತ್ತವೆ. ಹಿತ್ತಲು ತೋರಿಸಲು ನಮ್ಮ ಓಣಿಯ ಮೂವರು ಹೆಣ್ಣುಮಕ್ಕಳು ಒಪ್ಪಿದ್ದಾರೆ, ಒಬ್ಬಳು ಈಗಾಗಲೇ ಹಂದರದ ಕೆಳಗೆ ಸಾರಿಸಿಯೂ ಇಟ್ಟಿದ್ದಾಳೆ. ಕೀಲಿ ಕೊಡುವುದು ಯಾವ ಸೋಮವಾರದಿಂದ ಎಂದು ಮಂಡಳಿಯವರು ತಿಳಿಸಲಿ.