ಟ್ಯಾಂಕ್ ತೊಳೆಯದವರು ಎಣ್ಣೆಯನ್ನು ದೂರುವುದೇಕೆ?

ನಗರದ ಬಸ್ಸಿಗೂ ಕಸದ ಲಾರಿಗೂ ಜೈವಿಕ ಡೀಸೆಲ್ ಬಳಸಿ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಉತ್ತರ ಸಿದ್ಧವಾಗಿರುತ್ತದೆ. ಅದನ್ನೆಲ್ಲ ಮಾಡಿ ನೋಡಿ ಆಗಿದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಪಿಕಪ್ ಸಿಗುವುದಿಲ್ಲ, ಟ್ಯಾಂಕಿನಲ್ಲಿಟ್ಟರೆ ಕೆಡುತ್ತದೆ, ಅದರ ಸಹವಾಸವೇ ಬೇಡ. ವರ್ಷಗಟ್ಟಲೆ ಕೇಳಿದ ಈ ಮಾತಿಗೆ ಈಗ ಹೊಸದೊಂದು ಸೇರಿಕೊಂಡಿದೆ: ಹೇಗೂ ಎಲ್ಲವೂ ಎಲೆಕ್ಟ್ರಿಕ್ ಆಗುತ್ತದೆ, ಇನ್ನು ಈ ಎಣ್ಣೆ ರಗಳೆ ಯಾಕೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಣ್ಣೆಯನ್ನು ನೋಡಿ ಕೊಳ್ಳಲು ಬಾರದ, ಕೊಂಡದ್ದನ್ನು ಜೋಪಾನವಾಗಿ ಇಡಲೂ ಬಾರದ ಆಡಳಿತ ತನ್ನ ಅಸಡ್ಡೆಗೆ ಎಣ್ಣೆಯನ್ನು ಹೊಣೆ ಮಾಡುತ್ತಿದೆ. ಇದನ್ನು ಕೇಳಿಕೊಂಡು ಸುಮ್ಮನಿರುವ ಕಾಲ ಮುಗಿಯಿತು.

ಮೊದಲು ಟ್ಯಾಂಕಿನ ವಿಷಯ. ಇಂಧನದ ಟ್ಯಾಂಕಿಗೆ ಇಳಿಸುವ ಅಳತೆ ಕೋಲಿನ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ, ತಳ ಮುಟ್ಟಿಸಿ ಮೇಲೆತ್ತಿ. ಅಡಿಯಲ್ಲಿ ಎಷ್ಟು ಎತ್ತರಕ್ಕೆ ನೀರು ನಿಂತಿದೆಯೋ ಅಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ತಿರುಗಿರುತ್ತದೆ. ಅರ್ಧ ಖಾಲಿಯಿರುವ ಟ್ಯಾಂಕು ಹಗಲು ಕಾದು ರಾತ್ರಿ ತಣಿಯುವಾಗ ವೆಂಟ್ ಪೈಪಿನಿಂದ ತೇವದ ಗಾಳಿ ಎಳೆದುಕೊಳ್ಳುತ್ತದೆ. ಒಳಗೋಡೆಯಲ್ಲಿ ಹನಿ ಕಟ್ಟುತ್ತದೆ, ಹನಿಯೆಲ್ಲ ಇಳಿದು ತಳ ಸೇರುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದರಂತೂ ಕೇಳುವುದೇ ಬೇಡ. ಎಣ್ಣೆಗೂ ನೀರಿಗೂ ನಡುವಿನ ಆ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಫಿಲ್ಟರಿನಲ್ಲಿ ಬಂದು ಕೂರುವುದು ಆ ಲೋಳೆ. ಜೈವಿಕ ಡೀಸೆಲ್ ಮಾಮೂಲಿ ಡೀಸೆಲ್ಲಿಗಿಂತ ಹೆಚ್ಚು ತೇವ ಹೀರುತ್ತದೆ, ನಿಜ. ಆದರೆ ನೀರನ್ನು ಟ್ಯಾಂಕಿನೊಳಗೆ ಬಿಟ್ಟುಕೊಂಡದ್ದು ಎಣ್ಣೆಯಲ್ಲ, ವಾರಕ್ಕೊಮ್ಮೆ ತಳದ ನಲ್ಲಿ ತಿರುಗಿಸಿ ನೀರು ಬಸಿಯದ ಮನುಷ್ಯರು.

ಫಿಲ್ಟರ್ ಕಟ್ಟುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೈವಿಕ ಡೀಸೆಲ್ ಒಳ್ಳೆಯ ದ್ರಾವಕ. ಹಳೆಯ ಡೀಸೆಲ್ ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ, ಪೈಪಿನ ಒಳಮೈಗೆ ಮೆತ್ತಿದ ಕೊಳೆಯನ್ನು ಅದು ಕರಗಿಸಿ ಕೆಳಗಿಳಿಸುತ್ತದೆ. ಆ ಕೊಳೆ ಮೊದಲ ಕೆಲವು ವಾರಗಳಲ್ಲಿ ಫಿಲ್ಟರಿಗೆ ಬರಲೇಬೇಕು. ಹಾಗಾಗಿ ಶುರುವಿನಲ್ಲಿ ಒಂದೆರಡು ಬಾರಿ ಬೇಗ ಫಿಲ್ಟರ್ ಬದಲಿಸಬೇಕು, ಆಮೇಲೆ ತೊಂದರೆ ಇರುವುದಿಲ್ಲ. ಈ ಸಂಗತಿ ಗೊತ್ತಿರುವ ಮೆಕ್ಯಾನಿಕ್ಕುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಮಾತು ಕೇಳುವವರಿಲ್ಲ.

ದಾಸ್ತಾನಿನ ನಿಯಮಗಳೇನೂ ಗುಟ್ಟಲ್ಲ. ತಂದ ಎಣ್ಣೆಯನ್ನು ಆರು ತಿಂಗಳೊಳಗೆ ಮುಗಿಸಿ. ಮೊದಲು ಬಂದದ್ದನ್ನು ಮೊದಲು ಬಳಸಿ. ಟ್ಯಾಂಕನ್ನು ಆದಷ್ಟು ತುಂಬಿಸಿಡಿ. ತಾಮ್ರ, ಹಿತ್ತಾಳೆ, ಸತುವಿನ ಜೋಡಣೆಗಳನ್ನು ತೆಗೆದುಹಾಕಿ. ಹಳೆಯ ರಬ್ಬರ್ ಸೀಲ್ ಬದಲಿಸಿ. ಬೆಂಕಿಯ ಭಯವೋ, ಅದು ಡೀಸೆಲ್ಲಿಗಿಂತ ಕಡಿಮೆ. ಶುದ್ಧ ಜೈವಿಕ ಡೀಸೆಲ್ಲಿನ ಆವಿ ಹೊತ್ತಿಕೊಳ್ಳಲು 100 ಡಿಗ್ರಿಗೂ ಮೇಲಿನ ಶಾಖ ಬೇಕು. ಈ ಎಣ್ಣೆಯ ದೊಡ್ಡ ಶತ್ರು ಚಳಿ, ಶೀತ ದೇಶಗಳಲ್ಲಿ ಅದು ಗಟ್ಟಿಯಾಗುತ್ತದೆ. ಡೀಸೆಲ್ಲಿಗೆ ಶೇ. 20ರಷ್ಟು ಜೈವಿಕ ಡೀಸೆಲ್ ಬೆರೆಸಿದ ಮಿಶ್ರಣ ಹೆಪ್ಪುಗಟ್ಟುವಷ್ಟು ಚಳಿ ಬೆಂಗಳೂರಿಗಿಲ್ಲ. ನಮಗಿಂತ ತಣ್ಣಗಿನ ಊರುಗಳವರು ನಿಭಾಯಿಸಿದ್ದನ್ನು ನಾವು ನಿಭಾಯಿಸಲಾರೆವು ಎಂದರೆ ಅದು ನಮ್ಮ ಹವೆಯ ದೋಷವಲ್ಲ, ನಮ್ಮ ಆಡಳಿತದ್ದು.

ಅವರು ನಿಭಾಯಿಸಿದ್ದು ಸುಳ್ಳೇ? ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ 2006ರಲ್ಲಿ ಆದೇಶ ಹೊರಡಿಸಿದರು. 2007 ಮುಗಿಯುವಷ್ಟರಲ್ಲಿ ನಗರದ ಸುಮಾರು 1,500 ಡೀಸೆಲ್ ವಾಹನಗಳು ಶೇ. 20ರ ಮಿಶ್ರಣದಲ್ಲಿ ಓಡುತ್ತಿದ್ದವು. ಜೈವಿಕ ಡೀಸೆಲ್ ಮಾಡಲೆಂದು ಅಲ್ಲಿನ ಜಲಮಂಡಳಿಯೇ ಹೋಟೆಲುಗಳಿಂದ ಕರಿದ ಎಣ್ಣೆಯನ್ನು ಉಚಿತವಾಗಿ ಸಂಗ್ರಹಿಸತೊಡಗಿತು. ಆ ಎಣ್ಣೆ ಚರಂಡಿಗೆ ಸೇರಿ ಹೆಪ್ಪುಗಟ್ಟಿ ಒಳಚರಂಡಿ ಕಟ್ಟಿದರೆ ಬಿಡಿಸುವ ಖರ್ಚು ಅದರ ತಲೆಗೇ ಬರುತ್ತಿತ್ತಲ್ಲ. 2015ರಲ್ಲಿ ಅದಕ್ಕಿಂತ ಉತ್ತಮ ಇಂಧನ ಸಿಕ್ಕಿದಾಗ ಆ ನಗರ ಅದಕ್ಕೆ ಬದಲಾಯಿತೇ ಹೊರತು ಸೋತು ಹಳೆಯ ಡೀಸೆಲ್ಲಿಗೆ ಮರಳಲಿಲ್ಲ. ಅದೇ 2015ರಲ್ಲಿ ಲಂಡನ್ ಸುಮಾರು 3,000 ಬಸ್ಸುಗಳಿಗೆ ಹೋಟೆಲಿನ ಕರಿದ ಎಣ್ಣೆ, ಮಾಂಸದ ಕೊಬ್ಬಿನಿಂದ ಮಾಡಿದ ಮಿಶ್ರಣ ಹಾಕಲು ಹೊರಟಿತು.

ನಮ್ಮ ಊರಿನ ಲೆಕ್ಕ ನೋಡೋಣ. ನಗರದ ಬಸ್ಸೊಂದು ದಿನಕ್ಕೆ 200 ಕಿ.ಮೀ. ಓಡುತ್ತದೆ, ಲೀಟರಿಗೆ 4 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 50 ಲೀಟರ್. ಅದರಲ್ಲಿ ಶೇ. 20 ಎಂದರೆ 10 ಲೀಟರ್. ಹತ್ತು ಲೀಟರ್! ಪೂರಿ, ವಡೆ, ಬೋಂಡ, ಗೋಬಿ ಮಂಚೂರಿ ಕರಿಯುವ ಒಂದು ತಿಂಡಿ ಬೀದಿಯ ಬಾಣಲಿಗಳಿಂದ ರಾತ್ರಿ ಅಷ್ಟು ಎಣ್ಣೆ ಇಳಿಯುವುದಿಲ್ಲವೇ? ಆ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದು ಹೋಟೆಲ್ ಉದ್ಯಮದಲ್ಲಿರುವ ಎಲ್ಲರಿಗೂ ಗೊತ್ತು. ಹಿತ್ತಲ ಬಾಗಿಲಲ್ಲಿ ಡಬ್ಬಕ್ಕಿಷ್ಟು ಎಂದು ಮಾರಾಟವಾಗಿ, ಬಟ್ಟೆಯಲ್ಲಿ ಸೋಸಿ, ಅಗ್ಗದ ಗಾಡಿಗಳ ಬಾಣಲಿಗೆ ಮತ್ತೆ ಬೀಳುತ್ತದೆ. ಕೂಲಿ ಮಾಡಿ ಸಂಜೆ ಹತ್ತು ರೂಪಾಯಿಗೆ ಬಜ್ಜಿ ತಿನ್ನುವವನ ಹೊಟ್ಟೆಗೆ ಹೋಗುತ್ತದೆ. ಎಣ್ಣೆಯಲ್ಲಿನ ಹಾನಿಕರ ಅಂಶ ಶೇ. 25 ಮೀರಿದರೆ ಅದರಲ್ಲಿ ಕರಿಯಕೂಡದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕು, ಕರಿದದ್ದನ್ನು ನೋಂದಾಯಿತ ಸಂಗ್ರಹಕಾರರಿಗೇ ಕೊಡಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಹೋಟೆಲಿಗೆ ಪರವಾನಗಿ ಕೊಡುವುದು ಪಾಲಿಕೆ. ಆ ಲೆಕ್ಕದ ಪುಸ್ತಕ ತೆರೆದು ನೋಡಿದ ಪಾಲಿಕೆ ಅಧಿಕಾರಿ ಎಷ್ಟು ಜನ?

ಹತ್ತು ಲೀಟರನ್ನು ಮತ್ತೊಮ್ಮೆ ನೆನಪಿಡಿ. ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಸುಡುವ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು. ಎರಡಕ್ಕೂ ಡಾಲರ್ ಸುರಿದು, ಒಂದನ್ನು ಬಡವನ ಹೊಟ್ಟೆಗೆ ವಿಷವಾಗಿ ಇಳಿಸಿ, ಇನ್ನೊಂದನ್ನು ಹೊಗೆಯಾಗಿ ಅವನ ಮೂಗಿಗೆ ಬಿಡುವ ನಗರ ನಮ್ಮದು.

ಇನ್ನು ಕೊಳ್ಳುವ ವಿಷಯ. ನಮ್ಮ ಟೆಂಡರುಗಳಿಗೆ ಗೊತ್ತಿರುವುದು ಒಂದೇ ಮಂತ್ರ, ಅತಿ ಕಡಿಮೆ ದರ. ಶುದ್ಧ ಜೈವಿಕ ಡೀಸೆಲ್ಲಿಗೆ ಐಎಸ್ 15607 ಎಂಬ ಮಾನಕವಿದೆ. ಅದರಲ್ಲಿ ನೀರಿನ ಅಂಶಕ್ಕೆ ಮಿತಿ, ಆಮ್ಲೀಯತೆಗೆ ಮಿತಿ, ಗಾಳಿಗೆ ಕೆಡದೆ ಎಷ್ಟು ಹೊತ್ತು ತಾಳಬೇಕು ಎಂಬುದಕ್ಕೂ ಪರೀಕ್ಷೆ, ಎಲ್ಲವೂ ಇವೆ. ಟ್ಯಾಂಕರ್ ಬಂದಾಗ ಒಂದು ಬಾಟಲಿ ತೆಗೆದು ಪರೀಕ್ಷಿಸದೆ ಇಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಗುಜರಾತ್ ನೋಡಿದೆ. ಜೈವಿಕ ಡೀಸೆಲ್ ಎಂಬ ಹೆಸರಿನಲ್ಲಿ ಕೈಗಾರಿಕಾ ತೈಲ ಮಾರುವ ಪಂಪುಗಳ ಮೇಲೆ ಅಲ್ಲಿನ ಪೊಲೀಸರು ಸಾಲು ಸಾಲು ದಾಳಿ ಮಾಡಬೇಕಾಯಿತು. ಕಲಬೆರಕೆ ಮಾಲನ್ನು ಅಗ್ಗಕ್ಕೆ ಕೊಂಡು, ಎಂಜಿನ್ ಕೆಟ್ಟಾಗ ಅಸಲಿ ಮಾಲಿನ ಹೆಸರು ಕೆಡಿಸುವುದು ಯಾವ ನ್ಯಾಯ?

ಅಸಲಿ ಮಾಲು ಮಾಡುವವರ ಗತಿ ನೋಡಿ. ತೈಲ ಕಂಪನಿಗಳು ಜೈವಿಕ ಡೀಸೆಲ್ ಕೊಳ್ಳಲಿ ಎಂದು ಕೇಂದ್ರ 2005ರಲ್ಲೇ ನೀತಿ ಮಾಡಿತು. ನಿಗದಿಪಡಿಸಿದ ದರ ಲೀಟರಿಗೆ 25 ರೂಪಾಯಿ, ಉತ್ಪಾದನೆಯ ಖರ್ಚೇ ಅದಕ್ಕಿಂತ ಹೆಚ್ಚು. ಯಾರು ಮಾರುತ್ತಾರೆ? 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಶೇ. 20 ಮಿಶ್ರಣದ ಗುರಿ ಹೇಳಿತು. 2018ರ ನೀತಿಯಲ್ಲಿ ಡೀಸೆಲ್ಲಿನ ಗುರಿ 2030ಕ್ಕೆ ಶೇ. 5ಕ್ಕೆ ಇಳಿಯಿತು. ದೇಶದಲ್ಲಿ ಆಗುತ್ತಿರುವ ಮಿಶ್ರಣ ಶೇ. 1ನ್ನೂ ಮುಟ್ಟಿಲ್ಲ. ಎಥನಾಲಿಗೆ ಮಾತ್ರ ಗಡುವನ್ನು ಹಿಂದಕ್ಕೆಳೆದು ಶೇ. 20 ಮುಟ್ಟಿಸಿದರು, ಏಕೆಂದರೆ ಅದರ ಹಿಂದೆ ಸಕ್ಕರೆ ಕಾರ್ಖಾನೆಗಳಿವೆ. ಜೈವಿಕ ಡೀಸೆಲ್ಲಿಗೆ ಹೊಂಗೆ ಬೀಜ ಆರಿಸುವ ಹೆಂಗಸಿನ ಹಿಂದೆ ಯಾವ ಕಾರ್ಖಾನೆಯಿದೆ?

ಈ ವಿಷಯದಲ್ಲಿ ಮೊದಲು ಹೆಜ್ಜೆಯಿಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂಬುದು ಹೊಟ್ಟೆ ಉರಿಸುವ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದಾಗ ದೇಶದಲ್ಲಿ ಜೈವಿಕ ಇಂಧನದ ನೀತಿಯೇ ಇರಲಿಲ್ಲ. ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಪಾರ್ಕ್ ಕಟ್ಟಿತು. ರಾಜ್ಯ 2009ರಲ್ಲಿ ತನ್ನದೇ ನೀತಿ ತಂದಿತು, ಮಂಡಳಿ ಮಾಡಿತು, 'ಹಸಿರು ಹೊನ್ನು', 'ಬರಡು ಬಂಗಾರ' ಎಂದು ಯೋಜನೆಗಳಿಗೆ ಚೆಂದದ ಹೆಸರಿಟ್ಟಿತು. ಬದುವಿನಲ್ಲಿ ಹೊಂಗೆ, ಬೇವು, ಹಿಪ್ಪೆ ಹಾಕಿ, ಬೀಜ ನಾವು ಕೊಳ್ಳುತ್ತೇವೆ ಎಂದು ರೈತರನ್ನು ನಂಬಿಸಿತು. ಮರ ಫಲಕ್ಕೆ ಬರಲು ವರ್ಷಗಳು ಬೇಕು. ರೈತ ಕಾದ. ಕೆಎಸ್‌ಆರ್‌ಟಿಸಿ ಬಸ್ಸುಗಳು ಕೆಲ ಕಾಲ ಮಿಶ್ರಣದಲ್ಲಿ ಓಡಿದ್ದನ್ನೂ ಕಂಡ. ನಂಬಿಸಿದ ಸರ್ಕಾರ ಮಾತ್ರ ಖಾಯಂ ಗಿರಾಕಿಯಾಗಿ ಬಾಗಿಲಿಗೆ ಬರಲಿಲ್ಲ. ಮೂರ್ನಾಲ್ಕು ಕಿಲೋ ಹೊಂಗೆ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಉಳಿದ ಹಿಂಡಿ ಗೊಬ್ಬರ. ವ್ಯರ್ಥವೆಂಬುದೇ ಇಲ್ಲದ ಬೆಳೆಯನ್ನು ನಾವು ಅನಾಥ ಮಾಡಿದೆವು. ಬೆಂಗಳೂರಿನ ರಸ್ತೆಬದಿಯಲ್ಲೇ ಸಾಲು ಸಾಲು ಹೊಂಗೆ ಮರಗಳಿವೆ. ಬೇಸಿಗೆಯಲ್ಲಿ ಉದುರುವ ಕಾಯಿಯನ್ನು ಪೌರಕಾರ್ಮಿಕರು ಗುಡಿಸಿ ಕಸದ ಲಾರಿಗೆ ತುಂಬುತ್ತಾರೆ, ಆ ಲಾರಿಗೆ ಪಾಲಿಕೆ ದುಡ್ಡು ಕೊಟ್ಟು ಡೀಸೆಲ್ ಹಾಕಿಸುತ್ತದೆ.

ದುಡ್ಡು ಯಾರದ್ದು? 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಡೀಸೆಲ್ ದುಬಾರಿ ಎಂಬುದು ಕಾರಣಗಳಲ್ಲೊಂದು. ಏಪ್ರಿಲ್ 1ರಂದು ರಾಜ್ಯವೇ ಡೀಸೆಲ್ ಮೇಲಿನ ತೆರಿಗೆಯನ್ನು ಶೇ. 18.44ರಿಂದ 21.17ಕ್ಕೆ ಏರಿಸಿತು. ಅದೇ ದಿನದಿಂದ ಬೆಂಗಳೂರಿಗರ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಬಂತು. ಸಗಟು ಡೀಸೆಲ್ ದರ ಏಕಾಏಕಿ ಏರಿದಾಗ, 2013ರಲ್ಲೊಮ್ಮೆ 2022ರಲ್ಲೊಮ್ಮೆ, ಸಾರಿಗೆ ನಿಗಮದ ಬಸ್ಸುಗಳು ರಸ್ತೆಬದಿಯ ಬಂಕುಗಳ ಮುಂದೆ ಸಾಲು ನಿಂತವು. ಸ್ವಂತ ಡಿಪೋದಲ್ಲಿ ಸ್ವಂತ ಟ್ಯಾಂಕ್ ಇಟ್ಟುಕೊಂಡೂ ಪರರ ಬಂಕಿಗೆ ಕೈಚಾಚಿದ್ದು ಅವಮಾನವಲ್ಲವೇ? ಐದರಲ್ಲೊಂದು ಪಾಲು ಇಂಧನ ಊರೊಳಗೇ ಹುಟ್ಟಿದರೆ ಆ ಹೊಡೆತ ಐದರಲ್ಲೊಂದು ಪಾಲು ತಗ್ಗುತ್ತದೆ.

ಎಲೆಕ್ಟ್ರಿಕ್ ಬಸ್ ಬರಲಿ, ಇನ್ನಷ್ಟು ಬರಲಿ. ಆದರೆ ಬಿಎಂಟಿಸಿಯ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಲ್ಲಿ ಬಹುಪಾಲು ಇಂದಿಗೂ ಡೀಸೆಲ್ಲಿನವು. ಕಸದ ಕಾಂಪ್ಯಾಕ್ಟರ್, ಟಿಪ್ಪರ್, ಚರಂಡಿ ಹೂಳೆತ್ತುವ ಜೆಸಿಬಿ, ಜಲಮಂಡಳಿಯ ಟ್ಯಾಂಕರ್, ಇವೆಲ್ಲ ನಾಳೆ ಬೆಳಿಗ್ಗೆ ಬ್ಯಾಟರಿಗೆ ಬದಲಾಗುವುದಿಲ್ಲ. ಅಲ್ಲಿಯವರೆಗೆ ಅವು ಸುಡುವ ಪ್ರತಿ ಲೀಟರಿಗೂ ಉತ್ತರ ಹೇಳಬೇಕಾದವರು ಮುಂದಿನ ದಶಕದ ಕನಸನ್ನು ತೋರಿಸಿ ಇಂದಿನ ಹೊಗೆಯನ್ನು ಮರೆಮಾಚುವಂತಿಲ್ಲ.

ಬಿಬಿಎಂಪಿಯನ್ನು ಒಡೆದು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಮಾಡಿದ್ದಾರೆ. ಆಡಳಿತ ಹತ್ತಿರ ಬರುತ್ತದೆ ಎಂದರು. ಬರಲಿ. ಐದರಲ್ಲಿ ಒಂದು ಪಾಲಿಕೆ, ಒಂದೇ ಒಂದು, ತನ್ನ ಹೋಟೆಲುಗಳ ಕರಿದ ಎಣ್ಣೆಯ ಲೆಕ್ಕ ಕೇಳಲಿ. ಲೆಕ್ಕ ತೋರಿಸದವರ ಪರವಾನಗಿ ನವೀಕರಿಸದಿರಲಿ. ಆ ಎಣ್ಣೆಯಿಂದಲೂ ಹೊಂಗೆಯಿಂದಲೂ ಮಾಡಿದ ಜೈವಿಕ ಡೀಸೆಲ್ಲನ್ನು ದರ ನೋಡಿ ಅಲ್ಲ, ಮಾನಕ ನೋಡಿ ಕೊಳ್ಳಲಿ. ಪ್ರತಿ ಟ್ಯಾಂಕರನ್ನೂ ಪರೀಕ್ಷಿಸಲಿ, ಪೂರೈಸಿದವರಿಗೆ ಹೇಳಿದ ದಿನಕ್ಕೆ ಹಣ ಕೊಡಲಿ. ಟ್ಯಾಂಕಿನ ಮೇಲೆ ಅದಕ್ಕೆ ಹೊಣೆಯಾದ ಅಧಿಕಾರಿಯ ಹೆಸರನ್ನೂ ನೀರು ಬಸಿದ ದಿನಾಂಕವನ್ನೂ ಬಣ್ಣದಲ್ಲಿ ಬರೆಸಲಿ. ಇಷ್ಟು ಮಾಡಿ ಒಂದು ವರ್ಷ ಗಾಡಿ ಓಡಿಸಿದ ಮೇಲೂ ಫಿಲ್ಟರ್ ಕಟ್ಟಿದರೆ ಆಗ ಎಣ್ಣೆಯನ್ನು ದೂರಿ, ನಾವೂ ದೂರುತ್ತೇವೆ. ಅದನ್ನು ಮಾಡದೆ ಜೈವಿಕ ಡೀಸೆಲ್ ನಡೆಯುವುದಿಲ್ಲ ಎಂದು ಷರಾ ಬರೆಯುವ ಹಕ್ಕು ಯಾವ ಅಧಿಕಾರಿಗೂ ಇಲ್ಲ.