ಪಾಲಿಕೆ ಐದಾಯಿತು, ಮಹಾನಗರದ ಗಡಿ ಎಲ್ಲಿ?

2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎಂಬ ಹೆಸರು ಇತಿಹಾಸಕ್ಕೆ ಸೇರಿತು. ಅದರ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಇವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕುಳಿತಿತು. ಆಡಳಿತ ಇನ್ನು ಜನರ ಮನೆ ಬಾಗಿಲಿಗೆ ಬರುತ್ತದೆಂದು ಆಳುವವರು ಹೇಳಿದರು. ನಾಡಪ್ರಭು ಕೆಂಪೇಗೌಡರು ಕಟ್ಟಿದ ನಗರವನ್ನು ಒಡೆಯಲಾಗುತ್ತಿದೆ ಎಂದು ವಿರೋಧ ಪಕ್ಷದವರು ಕೂಗಿದರು. ಒಂದೋ, ಐದೋ ಎಂಬ ಈ ಗದ್ದಲದ ನಡುವೆ ಅದಕ್ಕಿಂತಲೂ ಮೂಲಭೂತವಾದ ಪ್ರಶ್ನೆಯೊಂದು ಯಾರ ಕಿವಿಗೂ ಬೀಳಲಿಲ್ಲ. ಬೆಂಗಳೂರು ಎಂದರೆ ಯಾವುದು? ಅದು ಎಲ್ಲಿಂದ ಆರಂಭವಾಗಿ ಎಲ್ಲಿ ಕೊನೆಗೊಳ್ಳುತ್ತದೆ? ಆ ಗೆರೆಯನ್ನು ಎಳೆಯುವ ಹಕ್ಕು ಯಾರದು?

ಈ ಪ್ರಶ್ನೆಗೆ ಸರಕಾರದ ಬಳಿ ಒಂದು ಉತ್ತರವಿಲ್ಲ, ಅನೇಕ ಉತ್ತರಗಳಿವೆ. 2007ರ ಜನವರಿಯವರೆಗೆ ನಗರ ಪಾಲಿಕೆಯ ವ್ಯಾಪ್ತಿ ಸುಮಾರು 226 ಚದರ ಕಿಲೋಮೀಟರ್. ಆ ತಿಂಗಳು ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಲಾಯಿತು. ವ್ಯಾಪ್ತಿ ಒಮ್ಮೆಲೇ 700 ಚದರ ಕಿಲೋಮೀಟರ್‌ಗಳನ್ನು ಮೀರಿತು. ಅದೇ 2007ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಜಾರಿಗೆ ತಂದ ಮಹಾಯೋಜನೆಯ ಬೆಂಗಳೂರು ಸುಮಾರು 1,300 ಚದರ ಕಿಲೋಮೀಟರ್‌ಗಳದ್ದು. 1985ರ ಕಾಯ್ದೆಯಡಿ ರಚನೆಯಾದ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಬೆಂಗಳೂರಂತೂ ಸುಮಾರು 8,000 ಚದರ ಕಿಲೋಮೀಟರ್. ಅದರಲ್ಲಿ ಗೊಂಬೆಗಳ ಚನ್ನಪಟ್ಟಣವೂ ಇದೆ, ರೇಷ್ಮೆಗೂಡಿನ ರಾಮನಗರವೂ ಇದೆ.

ಇಷ್ಟು ಸಾಲದೆಂಬಂತೆ 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಜುಲೈಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯುವ ನಿರ್ಧಾರವಾಯಿತು. ಬೆಂಗಳೂರು ದಕ್ಷಿಣ ಎಂಬುದು ಮೊದಲೇ ಒಂದು ತಾಲೂಕಿನ ಹೆಸರು, ಒಂದು ಲೋಕಸಭಾ ಕ್ಷೇತ್ರದ ಹೆಸರು. ಈಗ ಜಿಲ್ಲೆಗೂ ಅದೇ ಹೆಸರು, ಪಾಲಿಕೆಗೂ ಅದೇ ಹೆಸರು. ಒಂದೇ ಹೆಸರಿನ ಈ ನಾಲ್ಕಕ್ಕೂ ಗಡಿ ಬೇರೆ ಬೇರೆ. ಅರ್ಜಿ ಹಿಡಿದುಕೊಂಡು ಕಚೇರಿ ಹುಡುಕುವ ಸಾಮಾನ್ಯ ಮನುಷ್ಯ ಯಾವ ದಕ್ಷಿಣದ ಬಾಗಿಲು ತಟ್ಟಬೇಕು? ಚನ್ನಪಟ್ಟಣದ ಗೊಂಬೆ ತಯಾರಕನ ಬದುಕಿನಲ್ಲಿ ಈ ಹೆಸರಿನಿಂದ ಏನು ಬದಲಾಯಿತು ಎಂದು ಕೇಳಿದರೆ ಉತ್ತರಿಸುವವರು ಯಾರು? ಬದಲಾಗುವುದೇನಿದ್ದರೂ ಅಲ್ಲಿನ ಜಮೀನಿನ ಬೆಲೆ. ಅದರ ಲಾಭ ಗೊಂಬೆ ಮಾಡುವವನಿಗೆ ಸಿಗುವುದಿಲ್ಲ.

ಇದೆಲ್ಲ ಗುಮಾಸ್ತರ ಕೆಲಸ, ಇದರಲ್ಲಿ ಜನರಿಗೇನು ಎಂದು ಕೇಳುವವರಿದ್ದಾರೆ. ಅಂಥವರು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಚರಿತ್ರೆಯನ್ನು ಓದಬೇಕು. ಒಂದು ಅಧಿಸೂಚನೆಯ ಮೂಲಕ ಅವು ರಾಜಧಾನಿಯ ಭಾಗವಾದವು. ಗ್ರಾಮ ಪಂಚಾಯತ್‌ಗಳು ಇಲ್ಲವಾದವು. ಆಸ್ತಿ ತೆರಿಗೆ ಪಾಲಿಕೆಯದಾಯಿತು. ಕೆರೆಗಳ ಪಕ್ಕದಲ್ಲಿ, ಕಾಲುವೆಗಳ ಮೇಲೆ ಬಹುಮಹಡಿ ಕಟ್ಟಡಗಳೆದ್ದವು. ಆದರೆ ಈ ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ, ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್ 16ರಂದು. ಅಂದರೆ ಹದಿನೇಳು ವರ್ಷಗಳ ಬಳಿಕ! ಅಷ್ಟು ಕಾಲ ಅಲ್ಲಿನ ಕುಟುಂಬಗಳು ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನು ನೆಚ್ಚಿಕೊಂಡು ಬದುಕಬೇಕಾಯಿತು. ತೆರಿಗೆಯ ನಕ್ಷೆಗೆ ಒಂದೇ ದಿನದಲ್ಲಿ ಸೇರಿದ ಊರು ನೀರಿನ ನಕ್ಷೆಗೆ ಸೇರಲು ಹದಿನೇಳು ವರ್ಷ ಕಾಯಬೇಕಾಯಿತೆಂದರೆ, ಗಡಿ ಎಳೆಯುವವರ ಆದ್ಯತೆ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮಹಾನಗರವನ್ನು ಯಾರು, ಹೇಗೆ ನಿರ್ಧರಿಸಬೇಕು? ನಮ್ಮ ಸಂವಿಧಾನದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿಯ ಪ್ರಕಾರ, ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿದ್ದು, ಒಂದಕ್ಕಿಂತ ಹೆಚ್ಚು ಪೌರ ಸಂಸ್ಥೆ, ಪಂಚಾಯತ್ ಅಥವಾ ಹೊಂದಿಕೊಂಡ ಪ್ರದೇಶಗಳನ್ನು ಒಳಗೊಂಡ, ರಾಜ್ಯಪಾಲರು ಅಧಿಸೂಚಿಸಿದ ಪ್ರದೇಶವೇ ಮಹಾನಗರ ಪ್ರದೇಶ. ಗಮನಿಸಿ, ಇಲ್ಲಿ ಪಂಚಾಯತ್ ಕೂಡಾ ಮಹಾನಗರದ ಭಾಗ. ನಗರ ಬೆಳೆಯಬೇಕಾದರೆ ಹಳ್ಳಿಯ ಸಂಸ್ಥೆ ಸಾಯಬೇಕೆಂದು ಸಂವಿಧಾನ ಹೇಳಿಲ್ಲ. ಇಂತಹ ಪ್ರತಿಯೊಂದು ಪ್ರದೇಶಕ್ಕೂ ಮಹಾನಗರ ಯೋಜನಾ ಸಮಿತಿ ಇರಬೇಕು. ಅದರ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರನ್ನು ಪೌರ ಸಂಸ್ಥೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯತ್ ಅಧ್ಯಕ್ಷರು ತಮ್ಮೊಳಗಿನಿಂದಲೇ ಆರಿಸಬೇಕು. ನೀರು ಎಲ್ಲಿಂದ ತರಬೇಕು, ಕಸ ಎಲ್ಲಿ ವಿಲೇವಾರಿಯಾಗಬೇಕು, ರಸ್ತೆ ಎಲ್ಲಿ ಹಾಯಬೇಕು ಎಂಬುದನ್ನು ನಗರದವನೂ ಹಳ್ಳಿಯವನೂ ಒಂದೇ ಮೇಜಿನ ಮುಂದೆ ಕುಳಿತು ನಿರ್ಧರಿಸಬೇಕೆಂಬುದು ಇದರ ಆಶಯ.

ನಡೆದದ್ದೇನು? ಬೆಂಗಳೂರಿನಲ್ಲಿ ಈ ಸಮಿತಿ ರಚನೆಯಾದದ್ದು 2014ರಲ್ಲಿ, ತಿದ್ದುಪಡಿ ಜಾರಿಯಾಗಿ ಇಪ್ಪತ್ತೊಂದು ವರ್ಷಗಳ ಬಳಿಕ. ಅಧ್ಯಕ್ಷರು ಮುಖ್ಯಮಂತ್ರಿ! ನಗರದ ನೀರು 1964ರ ಕಾಯ್ದೆಯಡಿಯ ಜಲಮಂಡಳಿಯ ಕೈಯಲ್ಲಿ, ನಿವೇಶನ 1976ರ ಕಾಯ್ದೆಯಡಿಯ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ, ಬಸ್ಸು ಒಂದು ನಿಗಮದ ಕೈಯಲ್ಲಿ, ಮೆಟ್ರೋ ಇನ್ನೊಂದು ನಿಗಮದ ಕೈಯಲ್ಲಿ. ಇವುಗಳಲ್ಲಿ ಯಾವುದೂ ವಾರ್ಡಿನ ಮತದಾರನಿಗೆ ಉತ್ತರಿಸಬೇಕಾಗಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ತನ್ನದೇ ಕೈಗಾರಿಕಾ ನಗರ ಪ್ರಾಧಿಕಾರ ದೊರೆಯಿತು. ಕಂಪೆನಿಗಳ ಬಡಾವಣೆಗೆ ತನ್ನ ತೆರಿಗೆಯನ್ನು ತಾನೇ ಖರ್ಚು ಮಾಡುವ ಸ್ವಾತಂತ್ರ್ಯವನ್ನು ಸರಕಾರ ಕೊಟ್ಟಿತು. ಕಾರ್ಮಿಕರ ಬಡಾವಣೆಗೆ ಅಂತಹ ಸ್ವಾತಂತ್ರ್ಯ ಎಂದಾದರೂ ಸಿಕ್ಕಿದೆಯೇ?

ಐದು ಪಾಲಿಕೆಗಳನ್ನು ಸಮರ್ಥಿಸುವವರ ವಾದವನ್ನು ನಾವು ತಳ್ಳಿಹಾಕುವುದಿಲ್ಲ. 2011ರಲ್ಲೇ 84 ಲಕ್ಷ ಜನರಿದ್ದ ನಗರವನ್ನು ಒಬ್ಬ ಆಯುಕ್ತ, ಒಬ್ಬ ಮೇಯರ್ ನಿಭಾಯಿಸುವುದು ಕಷ್ಟ ಎಂಬುದು ನಿಜ. ಚಿಕ್ಕ ಪಾಲಿಕೆ ಜನರಿಗೆ ಹತ್ತಿರ ಎಂಬುದೂ ತರ್ಕಬದ್ಧ. ಆದರೆ ಒಡೆದ ಮಾತ್ರಕ್ಕೆ ಆಡಳಿತ ಸುಧಾರಿಸುತ್ತದೆ ಎಂಬ ನಂಬಿಕೆಗೆ ದಿಲ್ಲಿ ಉತ್ತರ ಕೊಟ್ಟಿದೆ. 2012ರಲ್ಲಿ ದಿಲ್ಲಿ ಮಹಾನಗರ ಪಾಲಿಕೆಯನ್ನು ಉತ್ತರ, ದಕ್ಷಿಣ, ಪೂರ್ವ ಎಂದು ಮೂರಾಗಿ ಒಡೆಯಲಾಯಿತು. ಆಗಲೂ ಇದೇ ಮಾತುಗಳನ್ನು ಆಡಲಾಗಿತ್ತು. ಶ್ರೀಮಂತ ಬಡಾವಣೆಗಳಿದ್ದ ದಕ್ಷಿಣ ಪಾಲಿಕೆ ಹೇಗೋ ನಡೆಯಿತು. ಪೂರ್ವ ಮತ್ತು ಉತ್ತರದ ಪಾಲಿಕೆಗಳು ಪೌರ ಕಾರ್ಮಿಕರಿಗೆ ಸಕಾಲದಲ್ಲಿ ಸಂಬಳ ಕೊಡಲಾಗದೆ ಒದ್ದಾಡಿದವು. ಕಾರ್ಮಿಕರು ಮುಷ್ಕರ ಹೂಡಿದರು, ಬೀದಿಗಳಲ್ಲಿ ಕಸ ರಾಶಿ ಬಿತ್ತು. ಕೊನೆಗೆ 2022ರ ಮೇ 22ರಂದು ಮೂರನ್ನೂ ಮತ್ತೆ ಒಂದು ಮಾಡಲಾಯಿತು. ಒಂದು ಪಕ್ಷದ ಸರಕಾರ ಒಡೆಯಿತು, ಇನ್ನೊಂದು ಪಕ್ಷದ ಸರಕಾರ ಕೂಡಿಸಿತು. ನಡುವಿನ ಹತ್ತು ವರ್ಷಗಳ ಬೆಲೆಯನ್ನು ತೆತ್ತವನು ಪೊರಕೆ ಹಿಡಿದ ಕಾರ್ಮಿಕ.

ಬೆಂಗಳೂರಿನಲ್ಲಿ ಈ ಅಪಾಯ ಇಲ್ಲವೇ? ಮಹದೇವಪುರ ಮತ್ತು ಕೆ.ಆರ್. ಪುರದ ಐಟಿ ಪಾರ್ಕುಗಳೆಲ್ಲ ಪೂರ್ವ ಪಾಲಿಕೆಯ ಪಾಲಾಗಿವೆ. ಅಲ್ಲಿ 50 ವಾರ್ಡ್‌ಗಳು. ಕಿಕ್ಕಿರಿದ ಪಶ್ಚಿಮ ಪಾಲಿಕೆಯಲ್ಲಿ 112 ವಾರ್ಡ್‌ಗಳು. ಪೂರ್ವದ ತೆರಿಗೆಯನ್ನು ಕಟ್ಟಿಕೊಟ್ಟ ದುಡಿಮೆಗಾರ ಪಶ್ಚಿಮದ ಓಣಿಯಲ್ಲಿಯೂ ಮಲಗುತ್ತಾನೆ. ಹಾಗಿರುವಾಗ, ಐದು ಖಜಾನೆಗಳ ನಡುವೆ ನ್ಯಾಯಯುತ ಹಂಚಿಕೆ ಹೇಗೆಂಬುದು ಸರಕಾರದ ಔದಾರ್ಯಕ್ಕೆ ಬಿಟ್ಟ ವಿಷಯವಾಗಬಾರದು. ಅದು ಬಡ ಪಾಲಿಕೆಯ ಹಕ್ಕಾಗಬೇಕು. ಈ ಐದನ್ನೂ ಬೆಸೆಯಬೇಕಾದ ಪ್ರಾಧಿಕಾರದ ಅಧ್ಯಕ್ಷರೂ ಮುಖ್ಯಮಂತ್ರಿಯೇ, ಉಪಾಧ್ಯಕ್ಷರು ನಗರಾಭಿವೃದ್ಧಿ ನೋಡಿಕೊಳ್ಳುವ ಸಚಿವರು. ಮೇಯರ್‌ಗಳಿಗೆ ಸದಸ್ಯರ ಸಾಲಿನಲ್ಲಿ ಕುರ್ಚಿ. ಅಧಿಕಾರವನ್ನು ಕೆಳಗೆ ಇಳಿಸುತ್ತೇವೆಂದು ಹೇಳಿ, ಕೀಲಿಕೈಯನ್ನು ವಿಧಾನಸೌಧದಲ್ಲೇ ಇಟ್ಟುಕೊಳ್ಳುವುದು ಯಾವ ಬಗೆಯ ವಿಕೇಂದ್ರೀಕರಣ?

ಇಲ್ಲಿ ಅತ್ಯಂತ ಗಂಭೀರವಾದ ಅಂಶ ಬೇರೊಂದಿದೆ. 2015ರ ಆಗಸ್ಟ್‌ನಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂಬುದು ಸಂವಿಧಾನದ ಆಜ್ಞೆ. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಚುನಾವಣೆ ನಡೆಸಲು ಆದೇಶಿಸಿತು. ಸರಕಾರ ಸುಪ್ರೀಮ್ ಕೋರ್ಟ್‌ಗೆ ಹೋಗಿ ತಡೆಯಾಜ್ಞೆ ತಂದಿತು. ಅಲ್ಲಿಂದ ನಕ್ಷೆಯ ಆಟ ಆರಂಭವಾಯಿತು. 198 ವಾರ್ಡ್‌ಗಳು 2022ರಲ್ಲಿ 243 ಆದವು. ಸರಕಾರ ಬದಲಾಯಿತು, 2023ರಲ್ಲಿ 243 ಹೋಗಿ 225 ಆದವು. ಐದು ಪಾಲಿಕೆಗಳಾದ ಮೇಲೆ, 2025ರ ನವೆಂಬರ್‌ನಲ್ಲಿ 369 ಆದವು. ಬಿಜೆಪಿ ಆಳಿತು, ಕಾಂಗ್ರೆಸ್ ಆಳಿತು. ಐದು ಪಾಲಿಕೆಗಳು ಉದಯಿಸಿದ ದಿನದವರೆಗೆ ಸುಮಾರು ಐದು ವರ್ಷ ಈ ನಗರದಲ್ಲಿ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಗಡಿ ನಿರ್ಣಯವು ಪ್ರಜಾಪ್ರಭುತ್ವದ ಪೂರ್ವಸಿದ್ಧತೆಯಾಗಬೇಕಿತ್ತು. ಇಲ್ಲಿ ಅದು ಪ್ರಜಾಪ್ರಭುತ್ವವನ್ನು ಮುಂದೂಡುವ ಸಬೂಬಾಯಿತು. ಅಷ್ಟಕ್ಕೂ ಈ ವಾರ್ಡ್‌ಗಳನ್ನು ವಿಂಗಡಿಸಿದ್ದು ಯಾವ ಜನಸಂಖ್ಯೆಯ ಆಧಾರದಲ್ಲಿ? 2011ರದ್ದು! 2021ರ ಜನಗಣತಿ ನಡೆಯಲೇ ಇಲ್ಲ. ಹೊಸ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಕೇಂದ್ರ ಸರಕಾರ ಗೊತ್ತುಪಡಿಸಿದ್ದು 2025ರಲ್ಲಿ. ನಡುವಿನ ವರ್ಷಗಳಲ್ಲಿ ರಾಯಚೂರು, ಕಲಬುರಗಿಯಿಂದ ಬಂದು ಶೆಡ್ಡುಗಳಲ್ಲಿ ನೆಲೆಸಿದವರು ಆ ಲೆಕ್ಕದಲ್ಲಿಲ್ಲ.

ಗೆರೆಯ ಒಳಗಿನವರ ಪಾಡು ಇದಾದರೆ, ಹೊರಗಿನವರ ಪಾಡೇನು? ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಕೃಷಿಭೂಮಿಯ ಮೇಲೆ ಸರಕಾರದ ಕಣ್ಣು ಬಿದ್ದದ್ದು ಅದು ವಿಮಾನ ನಿಲ್ದಾಣದ ನೆರೆಯಲ್ಲಿದೆ ಎಂಬ ಕಾರಣಕ್ಕೆ. ರೈತರು ಮೂರು ವರ್ಷಗಳಿಗೂ ಮಿಕ್ಕಿ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಬೇಕಾಯಿತು. ಅದೇ ವರ್ಷ ಬಿಡದಿಯ ಟೌನ್‌ಶಿಪ್ ವಿರುದ್ಧ ಅಲ್ಲಿನ ರೈತರು ಬೀದಿಗಿಳಿದರು. ತೆರಿಗೆ, ಬಸ್ಸು, ನೀರಿನ ವಿಚಾರ ಬಂದಾಗ ಈ ಹಳ್ಳಿಗಳು ಬೆಂಗಳೂರಲ್ಲ. ಭೂಮಿಯ ವಿಚಾರ ಬಂದಾಗ ಮಾತ್ರ ಅವು ಬೆಂಗಳೂರು!

ಇದು ರಾಜಧಾನಿಯ ಜಗಳ, ನಮ್ಮ ಪಟ್ಟಣಗಳಿಗೇನು ಎಂದು ಓದುಗರು ಭಾವಿಸದಿರಲಿ. ನಮ್ಮ ಊರುಗಳ ಮಕ್ಕಳು ಕೆಲಸಕ್ಕೂ ಕಲಿಕೆಗೂ ಹೋಗಿ ನೆಲೆಸುವುದು ಇದೇ ಗಡಿಯಿಲ್ಲದ ಬೆಂಗಳೂರಿನಲ್ಲಿ. ಇಲ್ಲಿ ಪಳಗಿದ ಪದ್ಧತಿ ನಾಳೆ ಇತರ ನಗರಗಳಿಗೂ ಬರುತ್ತದೆ. 1962ರಲ್ಲಿ ಒಂದಾದ ಹುಬ್ಬಳ್ಳಿ-ಧಾರವಾಡ ಪಾಲಿಕೆಯನ್ನು ಒಡೆದು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿಗೆ ನೀಡಿತು. ಮುಂದಿನ ಸರದಿ ಯಾವ ಊರಿನದ್ದೆಂದು ಯಾರಿಗೆ ಗೊತ್ತು?

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟವಾಗಿದೆ. ಮಹಾನಗರದ ಗಡಿ ಎಲ್ಲ ಇಲಾಖೆಗಳಿಗೂ ಒಂದೇ ಆಗಿರಲಿ. ಅದನ್ನು ನಿರ್ಧರಿಸುವ ಯೋಜನಾ ಸಮಿತಿಯಲ್ಲಿ ಸಂವಿಧಾನ ಹೇಳಿದಂತೆ ಪಾಲಿಕೆ ಸದಸ್ಯರೂ ಪಂಚಾಯತ್ ಅಧ್ಯಕ್ಷರೂ ಬಹುಮತದಲ್ಲಿರಲಿ. ಹೊಸ ಪ್ರದೇಶವನ್ನು ಸೇರಿಸುವ ಮೊದಲು ಅಲ್ಲಿಗೆ ನೀರು, ಚರಂಡಿ ಯಾವಾಗ ಬರುತ್ತದೆಂಬ ದಿನಾಂಕವನ್ನು ಅಧಿಸೂಚನೆಯಲ್ಲೇ ಬರೆಯಲಿ. ಐದು ಪಾಲಿಕೆಗಳ ನಡುವಿನ ತೆರಿಗೆ ಹಂಚಿಕೆಗೆ ಕಾನೂನಿನ ಸೂತ್ರವಿರಲಿ. ವಾರ್ಡ್ ವಿಂಗಡಣೆಯ ನೆಪದಲ್ಲಿ ಚುನಾವಣೆಯನ್ನು ಒಂದು ದಿನವೂ ಮುಂದೂಡುವಂತಿಲ್ಲ ಎಂಬ ನಿಯಮ ಬರಲಿ. ಇಷ್ಟು ಆಗದಿದ್ದರೆ ಪಾಲಿಕೆ ಐದಾದರೂ ಹತ್ತಾದರೂ ಫಲಕ ಬರೆಯುವವನಿಗೆ ಕೆಲಸ ಸಿಗಬಹುದು, ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ತಾಯಿಗೆ ನೀರು ಸಿಗಲಾರದು.