ಎಷ್ಟು ಕೆಲಸ ಅಂತ ಕೇಳಿದ್ವಿ, ಎಂಥ ಕೆಲಸ ಅಂತ ಕೇಳಿದ್ವಾ?

ಊರಿಗೆ ದೊಡ್ಡ ಸೂಪರ್‌ಮಾರ್ಕೆಟ್ ಬರುತ್ತೆ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: ಎಷ್ಟು ಜನಕ್ಕೆ ಕೆಲಸ ಸಿಗುತ್ತೆ?

ಡಿಮಾರ್ಟನ್ನೇ ತಗೊಳ್ಳಿ. 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಒಂದು ಮಳಿಗೆಯಿಂದ ಶುರುವಾಗಿದ್ದು. ಷೇರುಪೇಟೆಗೆ ಬಂದ 2017ರ ಮಾರ್ಚ್ ಹೊತ್ತಿಗೆ 131 ಮಳಿಗೆ, 2025ರ ಮಾರ್ಚ್ ಕೊನೆಗೆ 415. ಪ್ರತಿ ಮಳಿಗೆಗೂ ಬಿಲ್ಲಿಂಗ್, ಗೋಡೌನ್, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಶೆಲ್ಫ್ ತುಂಬೋಕೆ ಜನ ಬೇಕು. ಪಿಯುಸಿ ಮುಗಿಸಿದ ಹುಡುಗಿಗೆ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಮನೆ ಹತ್ತಿರವೇ ತಿಂಗಳ ಸಂಬಳ ಸಿಗೋದು ಸಣ್ಣ ವಿಷಯ ಅಲ್ಲ. ಬೆಂಗಳೂರಿನ ಪಿಜಿ ಬಾಡಿಗೆ ಉಳಿಯುತ್ತೆ.

ಆದ್ರೆ ಆ ಸಂಖ್ಯೆಯಲ್ಲಿ ಎರಡು ಥರದವರಿದ್ದಾರೆ: ಕಂಪನಿಯ ಕಾಯಂ ನೌಕರರು, ಗುತ್ತಿಗೆಯವರು. ಡಿಮಾರ್ಟ್‌ನಲ್ಲಿ ಗುತ್ತಿಗೆಯವರೇ ಹೆಚ್ಚು. ಹಬ್ಬಕ್ಕೆ ರಶ್, ಆಮೇಲೆ ಖಾಲಿ. ಬಿಡುವಿನ ತಿಂಗಳಲ್ಲೂ ಅಷ್ಟೇ ಜನರನ್ನ ಇಟ್ಕೊಳ್ಳೋ ಖರ್ಚು ಚಿಲ್ಲರೆ ವ್ಯಾಪಾರದ ತೆಳು ಲಾಭಕ್ಕೆ ಭಾರ. ಹಾಗಾಗಿ ಗುತ್ತಿಗೆ ಸುಲಭದ ದಾರಿ. ಸಮವಸ್ತ್ರ ಮಳಿಗೆಯದ್ದು, ಸಂಬಳ ಏಜೆನ್ಸಿಯದ್ದು.

ನಿಮ್ಮ ತಮ್ಮನೋ ಪಕ್ಕದ ಮನೆ ಹುಡುಗಿಯೋ ಇಂಥ ಕೆಲಸಕ್ಕೆ ಸೇರ್ತಿದ್ರೆ ಇಷ್ಟು ಹೇಳಿಕೊಡಿ.

ಒಂದು, ನೇಮಕಾತಿ ಪತ್ರ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಇದು ಕಡ್ಡಾಯ.

ಎರಡು, ಪಿಎಫ್. ಸಂಬಳದಲ್ಲಿ ಕಡಿತ ಆದ್ರೆ ಸಾಲದು, ಖಾತೆಗೆ ಜಮಾ ಆಗಿರಬೇಕು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡೋಕೆ ಎರಡು ನಿಮಿಷ.

ಮೂರು, ಇಎಸ್‌ಐ. ನೌಕರರ ಪಾಲು ಶೇ 0.75, ಅಂದ್ರೆ 15,000 ಸಂಬಳಕ್ಕೆ ಸುಮಾರು 113 ರೂಪಾಯಿ. ಅಷ್ಟಕ್ಕೆ ಮನೆಯವರಿಗೂ ಚಿಕಿತ್ಸೆ.

ನಾಲ್ಕು, ಏಜೆನ್ಸಿ ಸಂಬಳ ಕೊಡದಿದ್ರೆ ಕೊಡೋ ಹೊಣೆ ಮೂಲ ಮಾಲೀಕರದ್ದು. ಇದು ಕಾನೂನಲ್ಲೇ ಇದೆ.

ಇನ್ನೊಂದು ಮಾತು. ಅಂಗಡಿ ಕೆಲಸ ಅಂದ್ರೆ ದಿನವಿಡೀ ನಿಲ್ಲೋದು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಸಿಬ್ಬಂದಿಗೆ ಕೂರೋಕೆ ಆಸನ ಕೊಡಬೇಕು ಅಂತ ಕಾನೂನು ಮಾಡಿದವು. ಕೇರಳದಲ್ಲಿ ಅದು ಬಟ್ಟೆ ಅಂಗಡಿಗಳ ಮಹಿಳೆಯರು ಹೋರಾಡಿ ಪಡೆದಿದ್ದು. ಒಂದು ಸ್ಟೂಲಿಗೆ ಕಾನೂನು ಬೇಕಾಯ್ತು ನೋಡಿ!

ಮಳಿಗೆಗಳು ಬರಲಿ, ಖಂಡಿತ ಬರಲಿ. ಉದ್ಘಾಟನೆ ದಿನ ಹೇಳೋ ಸಂಖ್ಯೆಗಿಂತ, ಎರಡು ವರ್ಷದ ಮೇಲೆ ಅದೇ ಕೌಂಟರ್‌ನಲ್ಲಿ ಎಷ್ಟು ಜನ ಉಳಿದಿದ್ದಾರೆ ಅನ್ನೋದೇ ನಿಜವಾದ ಲೆಕ್ಕ.